ಬಸವನ ಕಾಲು ನೆನೆದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಧನಗೆರೆಯಾಚೆಗಿನ ಕಾವೇರಿ ಕಡವಿನಲ್ಲಿ ಅಂಬಿಗ ಕೆಂಚಯ್ಯ ನೀರಿಗಿಳಿದು, ದಡದ ಕಲ್ಲುಬಸವನ ಮಡಿಚಿದ ಮುಂಗಾಲನ್ನು ತಡವಿ ನೋಡುತ್ತಾರೆ. ಪೂಜೆಯೇನಲ್ಲ. ಕಾಲು ನೆನೆದಿದೆಯೋ ಒಣಗಿದೆಯೋ ತಿಳಿಯಬೇಕು, ಅಷ್ಟೇ. ನೆನೆದಿದೆ. ಆಮೇಲೆ ಚೀಲದಿಂದ ಒಂದು ಹಿಡಿ ರಾಗಿ ಹೊಟ್ಟು ತೆಗೆದು ತಲೆಯ ಮೇಲೆ ತೂರುತ್ತಾರೆ. ಹೊಟ್ಟು ಕೆಳಗೆ ಬೀಳುವುದೇ ಇಲ್ಲ, ಹೊಳೆಯುದ್ದಕ್ಕೂ ಹಾರಿಹೋಗುತ್ತದೆ.

“ಈಗ ಆಗಕಿಲ್ಲ ಸಾ” ಎಂದು ಹರಿಗೋಲನ್ನು ಬೋರಲು ಹಾಕಿ, ಅದರ ಮಗ್ಗುಲಲ್ಲೇ ಕೂತು ಎಲೆಯಡಿಕೆ ಬಿಚ್ಚುತ್ತಾರೆ.

ನನಗೆ ಆಚೆ ದಡದಿಂದ ಹೊರಡುವ ಮಧ್ಯಾಹ್ನದ ಮೈಸೂರು ಬಸ್ಸಿನ ಚಿಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಆದರೆ ನನ್ನ ಪಕ್ಕದಲ್ಲಿ ನಿಂತಿರುವ ಕಾಮಗೆರೆಯ ಚಿಕ್ಕನಿಂಗಮ್ಮನ ಚಿಂತೆ ಅಂಥದ್ದಲ್ಲ. ಆಚೆ ದಡದ ಊರಿಗೆ ಕೊಟ್ಟ ಮಗಳಿಗೆ ಚೊಚ್ಚಲ ಹೆರಿಗೆ. ನೋವು ಶುರುವಾಗಿದೆ ಎಂಬ ಸುದ್ದಿ ನಿನ್ನೆ ಸಂಜೆಯ ಕೊನೆಯ ಹರಿಗೋಲಿನಲ್ಲಿ ಬಂದಿದೆ. ಸೇತುವೆ ಬಳಸಿ ಹೋದರೆ ಹೊತ್ತು ಮುಳುಗುವವರೆಗೂ ನಡೆಯಬೇಕು. ಆಕೆ ಬೆಳ್ಳುಳ್ಳಿ, ಮೆಣಸು, ಹಳೇ ಸೀರೆಯ ತುಂಡುಗಳ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಮೊದಲು ಬೇಡಿಕೊಂಡರು, ಆಮೇಲೆ ಅತ್ತರು. ಅದೂ ನಡೆಯದಾಗ ಬಾಯಿ ಮಾಡಿದರು.

“ನಿನ್ ಕೈ ಸೇದೋಗ! ನನ್ ಮಗ್ಳು ಅಲ್ಲಿ ಒಬ್ಳೇ ನರಳ್ತಾವ್ಳೆ. ನೀ ಇಲ್ಲಿ ಎಲೆಯಡಕ ಅಗೀತಾ ಕುಂತಿದ್ದಯ್ಯಲ್ಲ.”

ಕೆಂಚಯ್ಯ ಜಾಲಿಮರದಡಿ ಒಂದು ಗೋಣಿತಾಟು ಹಾಸಿ, “ಕುಂತ್ಕೊ ಕಣವ್ವ, ಗಾಳಿ ನಿಂತ್ರ ಮೊದ್ಲು ನಿನ್ನೇ ಬುಟ್ಬತ್ತೀನಿ” ಎನ್ನುತ್ತಾರೆ.

ಅವರಿಗೀಗ ಅರವತ್ತರ ಹತ್ತಿರ. ಹದಿನಾಲ್ಕನೇ ವಯಸ್ಸಿಗೆ ಹುಟ್ಟು ಹಿಡಿದವರು. ಹೊಳೆಯ ಹನ್ನೆರಡು ತಿಂಗಳೂ ಅವರ ನಾಲಿಗೆಯ ತುದಿಯಲ್ಲಿವೆ. ಕಾರ್ತೀಕದಲ್ಲಿ ಗಾಳಿ ಮೂಡಲಿಗೆ ತಿರುಗಿ ನೀರು ಕನ್ನಡಿಯಾಗುತ್ತದೆ. ಆಗ ಒಂದು ಸಲಕ್ಕೆ ಹನ್ನೆರಡು ಜನ, ದಿನಕ್ಕೆ ಮೂವತ್ತು ಸಲ. ಮಾಘ ಕಳೆದರೆ ಹುಟ್ಟು ಬೇಡ, ಗಳ ಊರಿ ತಳ್ಳಿದರೆ ಸಾಕು. ಚೈತ್ರದಲ್ಲಿ ಮಧ್ಯಾಹ್ನದ ಮೇಲೆ ಸುಂಟರಗಾಳಿಯ ಭಯ. ಆಷಾಢ ಬಂತೆಂದರೆ ಐದೇ ಜನ, ಅದೂ ಬಸವ ಒಪ್ಪಿದರೆ. ಈ ತಿಂಗಳು ಗಾಳಿಯೂ ನೀರೂ ಒಂದೇ ದಿಕ್ಕಿಗೆ ಓಡುತ್ತವೆ. ಅಲೆ ನಡುಹೊಳೆಯ ಬಂಡೆಗೆ ಬಡಿದು ಹಿಂದಕ್ಕೆ ಹಾರಿ ಹರಿಗೋಲಿನ ಅಂಚು ಹತ್ತುತ್ತದೆ.

ಬಸವ ಒಪ್ಪುವುದು ಎಂದರೇನು ಎಂದು ಕೇಳಿದೆ. ಕೆಂಚಯ್ಯ ಎಲೆಗೆ ಸುಣ್ಣ ಸವರುತ್ತಾ ಹೇಳತೊಡಗುತ್ತಾರೆ.

ಒಂಬತ್ತು ವರ್ಷದ ಹಿಂದಿನವರೆಗೆ, ಅಂದರೆ ಐವತ್ತೊಂಬತ್ತನೇ ಇಸವಿಯವರೆಗೆ, ಬಸವ ಬರಿಯ ಬಂಡೆಯ ಮೇಲೆ ಕೂತಿದ್ದ. ನೀರು ಅವನ ಕೊರಳಿನ ಗಂಟೆ ಮುಟ್ಟಿದರೆ ಹರಿಗೋಲು ಇಳಿಸಬಾರದು ಎಂಬುದು ಕೆಂಚಯ್ಯನವರ ಅಪ್ಪನ ಕಾಲದ ಕಟ್ಟಳೆ. ವರ್ಷ ವರ್ಷವೂ ದೇವರು ಕುತ್ತಿಗೆಮಟ್ಟ ಮುಳುಗುವುದನ್ನು ಊರಿನವರಿಗೆ ನೋಡಲಾಗಲಿಲ್ಲ. ಆ ಬೇಸಿಗೆಯಲ್ಲಿ ಸಾಹುಕಾರ ಪುಟ್ಟಬಸಪ್ಪನವರು ಕಲ್ಲು ಕೊಟ್ಟರು, ಜಗಲಿ ಎದ್ದಿತು. ಬಸವನನ್ನು ಎತ್ತಲು ಮೊದಲು ಹೆಗಲು ಕೊಟ್ಟವರು ಕೆಂಚಯ್ಯ ಮತ್ತು ಅವರ ತಮ್ಮ ಮಾದಣ್ಣ. ಮೊದಲು ಗಂಟೆ ಇದ್ದ ಎತ್ತರಕ್ಕೆ ಈಗ ಬಸವನ ಕಾಲು ಬಂತು. ಹಣ್ಣುಕಾಯಿ, ಪಾನಕ, ಎಲ್ಲ ಸಾಂಗವಾಗಿ ಮುಗಿಯಿತು.

“ದೇವ್ರ ಎತ್ತುದ್ವಿ ಸಾ. ದೇವ್ರ ಜತ್ಗೆ ಗುರ್ತೂ ಮ್ಯಾಲಕ್ಕೋಯ್ತು ಅನ್ನದು ಒಬ್ರ ಯೋಚ್ನೆಗೂ ಬರ್ನಿಲ್ಲ.”

ಮುಂದಿನ ಆಷಾಢದಲ್ಲಿ ಸಂತೆಗೆ ಹೊರಟ ಐದು ಜನ ಕಡವಿಗೆ ಬಂದರು. ನೀರಿನ ಸದ್ದು ಯಾಕೋ ಬೇರೆ ಇದೆ ಅಣ್ಣ ಎಂದ ಮಾದಣ್ಣ. ಕೆಂಚಯ್ಯ ಬಸವನತ್ತ ಕೈ ತೋರಿಸಿದರು. ಗಂಟೆ ಒಣಗಿಯೇ ಇತ್ತು, ಕಾಲಷ್ಟೇ ನೆನೆದಿತ್ತು. ತಮ್ಮ ಮರುಮಾತಾಡದೆ ಹುಟ್ಟು ಹಿಡಿದ. ನಡುಹೊಳೆಯ ಬಂಡೆಯ ಹತ್ತಿರ ಹರಿಗೋಲು ಬುಗುರಿಯಂತೆ ತಿರುಗಿ ಮಗುಚಿತು. ಅಣ್ಣತಮ್ಮಂದಿರು ಈಜಿ ಈಜಿ ಐವರನ್ನೂ ಬಂಡೆಗೆ ಹತ್ತಿಸಿದರು. ಐದನೆಯವನನ್ನು ಮೇಲೆ ತಳ್ಳಿದ ಮಾದಣ್ಣನಿಗೆ ತಾನು ಹತ್ತುವಷ್ಟು ಕಸುವು ಉಳಿದಿರಲಿಲ್ಲ.

ಕೂರಿಸಿದ ದೇವರನ್ನು ಇಳಿಸಬಾರದು ಎಂದರು ಊರಿನವರು. ಕೆಂಚಯ್ಯ ದೇವರನ್ನು ಇಳಿಸಲಿಲ್ಲ, ಲೆಕ್ಕವನ್ನು ಇಳಿಸಿದರು. ಅಂದಿನಿಂದ ಬಸವನ ಕಾಲು ನೆನೆದರೆ ಅಮಲ್ದಾರರು ಬಂದು ನಿಂತರೂ ಹರಿಗೋಲು ನೀರಿಗಿಳಿಯುವುದಿಲ್ಲ. ಈ ಕಥೆ ಕೇಳಿದ ಮೇಲೆ ನಾನು ಬಸ್ಸಿನ ಮಾತೆತ್ತಲಿಲ್ಲ, ನಾಚಿಕೆಯಾಯಿತು.

ಹೊತ್ತು ನೆತ್ತಿಗೆ ಬಂದಾಗ ಗಾಳಿ ಸಡಿಲುತ್ತದೆ. ಕೆಂಚಯ್ಯ ಮತ್ತೆ ಹೊಟ್ಟು ತೂರುತ್ತಾರೆ. ಈ ಸಲ ಅದು ಕಾಲ ಬಳಿಯೇ ಉದುರುತ್ತದೆ. ಬಸವನ ಕಾಲಿನಿಂದ ನೀರು ನಾಲ್ಕು ಬೆರಳು ಕೆಳಗಿಳಿದಿದೆ. ಚಿಕ್ಕನಿಂಗಮ್ಮನ ಕೈಯಿಂದಲೇ ಆ ಕಾಲನ್ನು ಮುಟ್ಟಿಸಿ, ಆಕೆಯೊಬ್ಬರನ್ನೇ ಕೂರಿಸಿಕೊಂಡು ಹೊರಡುತ್ತಾರೆ. ಬಂಡೆಯ ಬಳಿ ಹರಿಗೋಲು ಒಮ್ಮೆ ವಾಲುತ್ತದೆ. ಆಮೇಲೆ ಅದು ನೆಟ್ಟಗಾಗಿ ಆಚೆ ದಡ ಸೇರುತ್ತದೆ.

ಹಿಂದಿರುಗಿದ ಕೆಂಚಯ್ಯ ಒದ್ದೆ ಪಂಚೆ ಹಿಂಡುತ್ತಾ ಸುದ್ದಿ ಹೇಳುತ್ತಾರೆ. ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಹುಟ್ಟಿದ್ದು ಬೆಳಗ್ಗೆ ಎಂಟಕ್ಕೇ. ಮಗಳ ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿರಲಾಗಲಿಲ್ಲವೆಂದು ಚಿಕ್ಕನಿಂಗಮ್ಮ ದಿಣ್ಣೆ ಹತ್ತುವವರೆಗೂ ಅವರನ್ನು ಶಪಿಸುತ್ತಲೇ ಹೋದರಂತೆ.

ಇಷ್ಟೆಲ್ಲ ಬೈಸಿಕೊಂಡರೆ ನೋವಾಗುವುದಿಲ್ಲವೇ ಎಂದು ಕೇಳಿದೆ.

“ಆಯ್ತದೆ ಸಾ, ಆಗ್ದೆ ಇದ್ದದಾ?” ಎಂದ ಕೆಂಚಯ್ಯ ಬಸವನ ಕಾಲಿಗೆ ಅಂಟಿದ ಕಸವನ್ನು ಬೆರಳಿನಿಂದ ಒರೆಸಿ ತೆಗೆಯುತ್ತಾರೆ. “ಆದ್ರ ನನ್ನ ಬಯ್ದೋರೆಲ್ಲ ಬದ್ಕವ್ರೆ. ಬಯ್ಯದೆ ಹೋದವ್ನು ನಮ್ ಮಾದ ಒಬ್ನೇಯ.”