ಹಿಮಕ್ರೀಡೆಯ ಪಾಠ ಹೇಳಿದ ಮೇಷ್ಟ್ರು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಪಕ್ಕದ ಮನೆಯವರು ಮಂಗಳೂರಿನವರು, ಕಾಲೇಜಿನಲ್ಲಿ ಕ್ರೀಡೆಯ ಇತಿಹಾಸ ಕಲಿಸುವ ಮೇಷ್ಟ್ರು. ಮಾತುಮಾತಿಗೂ "ಗಡಿಬಿಡಿ ಬೇಡ ಮಾರಾಯ್ರೆ" ಎನ್ನುತ್ತ ಕನ್ನಡಕ ಒರೆಸುತ್ತಿದ್ದರು.

ಕೋವಿಡ್ ಕಾಲದಲ್ಲಿ ಅವರ ಹೆಂಡತಿ ಆಸ್ಪತ್ರೆ ಸೇರಿದರು. ಇವರು ಮನೆಯಲ್ಲೇ ಕ್ವಾರಂಟೈನ್. ಒಂದು ಸಂಜೆ ಡಾಕ್ಟರ ಫೋನಿಗೆ ಕಾಯುತ್ತ, ತಮ್ಮ ಬಾಲ್ಕನಿಯಲ್ಲಿ ನಿಂತು, ಪಕ್ಕದ ಬಾಲ್ಕನಿಯಲ್ಲಿದ್ದ ನನಗೇ ಪಾಠ ಶುರು ಮಾಡಿದರು.

"ಫ್ರಾನ್ಸಿನಲ್ಲಿ ಮೊದಲು ನಡೆದದ್ದು ಬರೀ ಒಂದು ಹಿಮಕ್ರೀಡೆಯ ವಾರ. ಅದನ್ನೇ ಮೊದಲ ವಿಂಟರ್ ಒಲಿಂಪಿಕ್ಸ್ ಅಂತ ಕರೆದದ್ದು ಆಮೇಲೆ. ಆಡಿದವರಿಗೆ ಆಗ ಗೊತ್ತೇ..."

ಫೋನ್ ಹೊಡೆದುಕೊಂಡಿತು. ಅವರು ಅದನ್ನು ನಡುಗೋಡೆಯ ಮೇಲಿಟ್ಟು ಹಿಂದೆ ಸರಿದರು. "ನೀವೇ ಕೇಳಿ."

ಸೋಂಕಿನ ಭಯ ಮರೆತು ಎತ್ತಿಕೊಂಡೆ. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ಮೇಷ್ಟ್ರಿಗೆ ಹೇಳಿದೆ:

"ಚೇತರಿಸಿಕೊಂಡಿದ್ದಾರೆ ಸರ್. ಇನ್ನು ಆಕ್ಸಿಜನ್ ಬೇಡವಂತೆ."

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು. "ಇನ್ನೊಮ್ಮೆ ಹೇಳಿ" ಎಂದರು.

ನಾನು ಮೂರು ಸಲ ಹೇಳಬೇಕಾಯಿತು.