ಬೇಡವೆಂದಿದ್ದ ಹುಡುಗ ದೋಣಿಯಲ್ಲಿ ಸಿಕ್ಕ

ಗೆಳೆಯರೇ, ಇಲ್ಲಿ ಕೊಲ್ಲಿ ದೇಶದಲ್ಲಿ ಇವತ್ತು ಶುಕ್ರವಾರದ ರಜೆ. ಮೀನು ತರಲು ನಾವಿರುವ ಅಲ್ ಕುಸೈಸ್‌ನಿಂದ ಹೊರಟ ನಾನೂ ನನ್ನ ಗಂಡನೂ ಮನಸ್ಸು ಬದಲಿಸಿ ಊರಿನ ನಡುವಿನ ಕಡಲ ಹಿನ್ನೀರಾದ ಕ್ರೀಕ್ ದಾಟುವ ದೋಣಿ ಹತ್ತಿದೆವು.

ನಮ್ಮ ತುಳು ಕೇಳಿ ಪಕ್ಕದ ಅಮ್ಮ, “ಯಾವ ಊರು ಮಗಾ?” ಎಂದರು.

“ಕಾರ್ಕಳ.”

ಅವರು ನನ್ನ ಮುಖವನ್ನೇ ದಿಟ್ಟಿಸಿದರು. “ಅಯ್ಯೋ ಮಾರಾಯ್ತಿ, ನಿನ್ನನ್ನು ನೋಡ್ಲಿಕ್ಕೆ ಬಂದಿದ್ದೆವಲ್ಲ! ನೀನು ಬೇಡ ಅಂದ ಹುಡುಗ ಇವನೇ!” ಎಂದು ಎದುರು ಕುಳಿತಿದ್ದ ಮಗನನ್ನು ತೋರಿಸಿದರು.

ನಾಚಿಕೆಯಿಂದ ನೀರಿಗೆ ಹಾರುವುದೊಂದು ಬಾಕಿ.

ಮಗ ನನ್ನ ಗಂಡನತ್ತ ಬಾಗಿ ಕನಿಕರದಿಂದ ಕೇಳಿದ, “ಹೇಗುಂಟು ಮಾರಾಯ್ರೇ?”

“ಅಡ್ಡಿಲ್ಲ, ಅಭ್ಯಾಸ ಆಯ್ತು!”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ದಡ ಸೇರುವಷ್ಟರಲ್ಲಿ ಫೋನ್ ನಂಬರ್ ವಿನಿಮಯವಾಗಿ, ಮುಂದಿನ ಶುಕ್ರವಾರ ಕ್ರಿಕೆಟ್ ಆಡುವುದೆಂದೂ ನಿಶ್ಚಯವಾಯಿತು.

ನಾನು ಬೇಡವೆಂದವನನ್ನು ನನ್ನ ಗಂಡ ಮೊದಲ ನೋಟಕ್ಕೇ ಒಪ್ಪಿಬಿಟ್ಟರು.