ನೀರಿನ ಲೋಟದ ಪಂಥ

ನಾನು ಸಸ್ಯಾಹಾರಿ ಅಂತ ಮೊದಲೇ ಹೇಳಿಟ್ಟಿದ್ದೆ. ಆದರೂ ಜಪಾನಿನ ನಗೋಯಾದ ಆ ಆಫೀಸ್ ಪಾರ್ಟಿಯಲ್ಲಿ ನನ್ನ ತೋಫು ಮೇಲೆ ಒಣಮೀನಿನ ಚೂರು ಉದುರಿಸಿ ತಂದಿಟ್ಟರು. ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಬಿಯರ್ ಎತ್ತಿದಾಗ ನಾನು ಬೇಕೆಂದೇ ನೀರಿನ ಲೋಟ ಎತ್ತಿದೆ.

ಪಕ್ಕದಲ್ಲಿದ್ದ ಓತಾ-ಸಾನ್ ನಕ್ಕರು. ನಮ್ಮ ಟೀಮಿನ ಹಿರಿಯರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. "ನಿಮ್ಮಂಥವರು ನಮ್ಮಲ್ಲೂ ಇದ್ದರು. ಎನ್‌ಕ್ರಟೈಟ್ ಅಂತ, ಬಹಳ ಹಳೇ ಕ್ರೈಸ್ತ ಪಂಥ. ಮಾಂಸ ಇಲ್ಲ, ಮದುವೆ ಇಲ್ಲ, ಆರಾಧನೆಯಲ್ಲೂ ವೈನ್ ಬದಲು ನೀರೇ. ಧರ್ಮಭ್ರಷ್ಟರು ಅಂತ ಅವರನ್ನ ಹೊರಗೆ ಹಾಕಿದರು."

ನನಗೆ ತಡೆಯಲಾಗಲಿಲ್ಲ. "ನೀರು ಕುಡಿದರೆ ಹೊರಗೆ ಹಾಕೋದಾ? ಯಾರು ಏನು ತಿಂದರೆ ಇನ್ನೊಬ್ಬರಿಗೇನು ಕಷ್ಟ, ಓತಾ-ಸಾನ್?" ನನ್ನ ದನಿ ಜೋರಾಗಿಯೇ ಇತ್ತು.

"ನೀರು ಕುಡಿದದ್ದಕ್ಕಲ್ಲ," ಅಂದರು ಅವರು ಮೆತ್ತಗೆ. "ಕುಡಿಯೋರು, ತಿನ್ನೋರೆಲ್ಲ ಪಾಪಿಗಳು ಅಂದದ್ದಕ್ಕೆ."

"ನಾನು ಯಾರಿಗೂ ಹಾಗೆ ಅಂದಿಲ್ಲ."

"ಬಾಯಲ್ಲಿ ಅಂದಿಲ್ಲ," ಅನ್ನುತ್ತ ಓತಾ-ಸಾನ್ ತಮ್ಮ ಹಂದಿಮಾಂಸದ ತಟ್ಟೆಯನ್ನು ನನ್ನಿಂದ ದೂರಕ್ಕೆ ಸರಿಸಿಕೊಂಡರು.

ನನ್ನ ಕೋಪವೇನೂ ಇಳಿಯಲಿಲ್ಲ. ಆದರೆ ಅಷ್ಟು ಹೊತ್ತೂ ಮಾಂಸದ ವಾಸನೆಗೆಂದು ಮೂಗಿಗೆ ಹಿಡಿದಿದ್ದ ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.